ಎಲ್ಲಿ ಹತ್ತಿದ್ದು?

ಮೊದಲು ಹದಿನಾಲ್ಕನೇ ಮಂಚ.
ಗವಿರಂಗಯ್ಯ, ಮೂವತ್ತೊಂದು ವರ್ಷ ಸಿಟಿ ಬಸ್ಸಿನ ಕಂಡಕ್ಟರು,
ತೊಡೆಯ ಮೂಳೆ ಮುರಿದುಕೊಂಡು ಬಂದವರು.
ಕಾಲು ಕೂಡಿತು. ಹೊಟ್ಟೆ ಕಳಚಿಕೊಂಡಿತು,
ದಿನಕ್ಕೆ ಹನ್ನೊಂದು ಸಲ.
ನಾನು ರಿಜಿಸ್ಟರು ಹಿಡಿದು ಪಕ್ಕದಲ್ಲಿ ನಿಂತಾಗ
ಕಣ್ಣು ಬಿಡದೆಯೇ ಕೇಳಿದರು:
‘ಇದು ಎಲ್ಲಿ ಹತ್ತಿದ್ದು ಸಿಸ್ಟರ್? ಯಾವ ಸ್ಟಾಪು?
ನಾನಂತೂ ಟಿಕೆಟ್ ಕೊಟ್ಟಿಲ್ಲ.’

ಅದನ್ನು ಹುಡುಕುವುದೇ ನನ್ನ ಸಂಬಳ.
ಕಲಾಸಿಪಾಳ್ಯದ ಹಾರ್ನುಗಳು ಕಿಟಕಿಗೆ ಬಡಿಯುವ ಮೂರನೇ ಮಹಡಿಯಲ್ಲಿ
ಯಾರ ಕರುಳಿಂದ ಯಾರ ಕರುಳಿಗೆ ಎಂದು
ಗೆರೆ ಎಳೆಯುತ್ತ ಕೂರುವವಳು.

ಒಂಬತ್ತರಲ್ಲಿ ಅಮೀರ್ ಜಾನ್, ಮಾರ್ಕೆಟ್ಟಿನ ಸುಗಂಧರಾಜದ ವ್ಯಾಪಾರಿ.
ಹದಿನೇಳರಲ್ಲಿ ಸ್ಟೆಲ್ಲಾ ಮೇರಿ;
ಮಗಳು ಬಂದು, ವಾಸನೆ ಹೋಗಲೆಂದು
ಹಾಸಿಗೆಯ ಸುತ್ತ ಪೌಡರು ಉದುರಿಸಿ ಹೋದಳು.
ಇಪ್ಪತ್ತೆರಡರ ಹುಡುಗನ ಹೆಸರು ಕೇಳುವಷ್ಟರಲ್ಲಿ
ಐಸಿಯುಗೆ ಒಯ್ದಿದ್ದರು.
ನನ್ನ ಪುಟದಲ್ಲಿ ಇವತ್ತಿಗೂ ಆ ಜಾಗ ಖಾಲಿ.

ಲ್ಯಾಬಿನಿಂದ ನಾಜಿಮಾ ಫೋನು ಮಾಡುತ್ತಾಳೆ: ‘ಇದೂ ಅದೇ.’
ಅಷ್ಟೇ ಹೇಳಿ ಇಡುತ್ತಾಳೆ.

ಅದು ಬೀಜದಂಥದ್ದು.
ಕಮೋಡಿನ ಅಂಚಲ್ಲಿ, ಮಂಚದ ಕಂಬಿಯಲ್ಲಿ
ಚಿಪ್ಪು ಹೊದ್ದು ತಿಂಗಳುಗಟ್ಟಲೆ ಮಲಗಿರುತ್ತದೆ.
ಕೀವಿಗೆಂದು, ಜ್ವರಕ್ಕೆಂದು ನಾವೇ ಕೊಟ್ಟ ಮಾತ್ರೆಗಳು
ಹೊಟ್ಟೆಯೊಳಗಿನ ಒಳ್ಳೆಯ ಒಕ್ಕಲನ್ನೆಲ್ಲ ಎಬ್ಬಿಸಿ ಓಡಿಸಿದ ಮೇಲೆ
ಆ ಖಾಲಿ ಕೇರಿಗೆ ಬಂದು ಒಲೆ ಹೂಡುತ್ತದೆ.

ಗೋಡೆಯ ಮೇಲೆ ನಕ್ಷೆ ಬರೆದೆ,
ಹಸಿರು ಗೆರೆ, ನೇರಳೆ ಗೆರೆ, ಮೆಟ್ರೋದ ಹಾಗೆ.
ಎಲ್ಲ ಗೆರೆ ಕೂಡುವ ಮೆಜೆಸ್ಟಿಕ್ಕು ಯಾವುದು?
ಒಂದೇ ವೀಲ್‌ಚೇರೇ? ಅಲ್ಲ.
ಒಂದೇ ಬಿಪಿ ಪಟ್ಟಿಯೇ? ಅದೂ ಅಲ್ಲ.
ಎಕ್ಸ್‌ರೇ ಮೇಜೆಂದರೆ, ಸ್ಟೆಲ್ಲಾ ಮೇರಿ ಅತ್ತ ಹೋಗೇ ಇಲ್ಲ.

ಸಮಿತಿ ಕೂತಿತು. ಬಿಸ್ಕತ್ತು ಬಂತು.
‘ಕ್ಲೀನಿಂಗು ಯಾರದ್ದು?’
ಜಾಡ್ಯದ ಜಾಡು ಹಿಡಿದು ಹೊರಟವರು
ಯಾವಾಗಲೂ ಮೊದಲು ತಲುಪುವುದು
ಪೊರಕೆ ಹಿಡಿದವಳ ಬಾಗಿಲಿಗೆ.
ದ್ಯಾವಮ್ಮನಿಗೆ ಮೆಮೊ. ಓದಿ ಹೇಳಿದವಳು ನಾನು.
ಹೆಬ್ಬೆಟ್ಟು ಒತ್ತಿ, ಬೆರಳ ಶಾಯಿಯನ್ನು ಸೆರಗಿಗೇ ಒರೆಸಿಕೊಂಡಳು.

ಆ ರಾತ್ರಿ ಪಾಳಿಯಲ್ಲಿ, ಟೀ ಕುಡಿಯಲು ಗೇಟಿಗೆ ಇಳಿದಾಗ
ಸೆಕ್ಯುರಿಟಿ ತಿಪ್ಪಯ್ಯನ ಉದ್ದ ಪುಸ್ತಕವನ್ನು
ಸುಮ್ಮನೆ ತಿರುವಿದೆ.
ಒಂಬತ್ತು, ಹತ್ತು, ಹನ್ನೊಂದು: ಟ್ಯಾಂಕರು ಬಂದಿಲ್ಲ.
ಹದಿನಾಲ್ಕಕ್ಕೆ ಗವಿರಂಗಯ್ಯ.
ಹತ್ತೊಂಬತ್ತು, ಇಪ್ಪತ್ತು: ಮೋಟಾರು ಸುಟ್ಟಿದೆ.
ಇಪ್ಪತ್ಮೂರಕ್ಕೆ ಅಮೀರ್ ಜಾನ್, ಸಂಜೆಗೆ ಸ್ಟೆಲ್ಲಾ ಮೇರಿ.
ಟೀ ಆರಿತು. ಬೆರಳು ಮಾತ್ರ ಸಾಲಿಂದ ಸಾಲಿಗೆ ಇಳಿಯುತ್ತಿತ್ತು.

ಮಂಚಕ್ಕೊಂದರಂತೆ ಸ್ಯಾನಿಟೈಸರ್ ಬಾಟಲಿ ತೂಗುಹಾಕಿದ್ದೆವು;
ಈ ಚಿಪ್ಪಿಗೆ ಅದು ಯಾವ ಲೆಕ್ಕ!
ಇದಕ್ಕೆ ಸೋಪು ಬೇಕು, ಹರಿಯುವ ನೀರು ಬೇಕು,
ಗೊತ್ತಿತ್ತು ನನಗೆ. ಚಿತ್ರ ಅಂಟಿಸಿದವಳೇ ನಾನು:
ಎರಡು ಕೈ, ನೊರೆ, ನಲವತ್ತು ಸೆಕೆಂಡು.
ಚಿತ್ರದ ಕೆಳಗಿನ ನಲ್ಲಿಯನ್ನು
ಒಂದು ಸಲವಾದರೂ ತಿರುಗಿಸಿ ನೋಡಿದ್ದೆನೇ?

ಮೇಲೆ ಬಂದು ರಿಜಿಸ್ಟರಿನ ಮೊದಲ ಪುಟ ತೆಗೆದೆ.
‘ಇತರೆ’ ಎಂಬ ಕೊನೆಯ ಕಾಲಮ್ಮಿನಲ್ಲಿ
ನನ್ನದೇ ಅಕ್ಷರ, ತಾರೀಖು ಸಮೇತ:
‘ನೀರೇ ಬರ್ತಿಲ್ಲ ಸಿಸ್ಟರ್, ಯಾತರಲ್ಲಿ ತೊಳೀಲಿ? – ದ್ಯಾವಮ್ಮ.’
ಕೇಳಿಸಿಕೊಂಡಿದ್ದೆ. ಬರೆದುಕೊಂಡೂ ಇದ್ದೆ.

ಗವಿರಂಗಯ್ಯ ವಾಕರು ಹಿಡಿದು ಮನೆಗೆ ಹೊರಟ ದಿನ
ಲಿಫ್ಟಿನ ಮುಂದೆ ನಿಂತು ಕೇಳಿದರು: ‘ಸಿಕ್ತೇನಮ್ಮ ಆ ಸ್ಟಾಪು?’
ಬಾಯಿ ತೆರೆದೆ.
ಅಷ್ಟರಲ್ಲಿ ಕೆಳಗೆ ಟ್ಯಾಂಕರಿನ ಹಾರ್ನು,
ಬಕೆಟ್ಟು ಎತ್ತಿಕೊಂಡು ದ್ಯಾವಮ್ಮ
ನಮ್ಮಿಬ್ಬರ ನಡುವೆಯೇ ನುಗ್ಗಿ
ಮೆಟ್ಟಿಲಿಳಿದು ಓಡಿದಳು.

ಮೆಮೊ ಇನ್ನೂ ಅವಳ ಫೈಲಿನಲ್ಲಿದೆ.