ಹನ್ನೊಂದನೆಯ ಟ್ಯಾಬು

"ಬಾಯಾರ, ನಿಮ್ಮ ಖಿಡಕಿ ನಮ್ಮ ಗೋಡೀಗೆ ಹಿಡಸವಲ್ದು,
ತಳಾ ಎಲ್ಲಾ ನೆಲದಾಗ ಹುಗದದ."
ಫೋನು ಕಪನೂರಿನ ಬೇಳೆ ಮಿಲ್ಲಿನಿಂದ,
ತೊಗರಿ ಬರುವ ದಿನ, ಗೇಟಿನಾಚೆಗೂ ಲಾರಿ ಸಾಲು.

ನನ್ನ ಪರದೆ ಇಪ್ಪತ್ನಾಲ್ಕು ಇಂಚು.
ಸೂಪರ್ ಮಾರ್ಕೆಟ್ಟಿನ ಹಿಂದೆ, ತಗಡಿನ ಮಾಳಿಗೆಯಲ್ಲಿ ಕೂತು
ಕಿಟಕಿಗೊಂದು ಅಳತೆ ಬರೆದಿದ್ದೆ:
ಅಗಲ ಸಾವಿರದಿನ್ನೂರು, ಎತ್ತರ ಒಂಬೈನೂರು.
ಯಾರನ್ನೂ ಕೇಳಿರಲಿಲ್ಲ.
ನನಗೆ ಕಂಡಿತ್ತಲ್ಲ.

ಸ್ಕೂಟಿ ನಿಲ್ಲಿಸುವಷ್ಟರಲ್ಲಿ ಹುಬ್ಬಿನ ಮೇಲೆ ಹೊಟ್ಟು.
ಒಳಗೆ ರುಕ್ಮೋದ್ದೀನ ಮುನೀಮರು:
ಒಂದು ಕಣ್ಣಿನ ಪೊರೆ ತೆಗೆದಾಗಿದೆ,
ಇನ್ನೊಂದು ಸರದಿಯಲ್ಲಿದೆ.
ಪಕ್ಕದಲ್ಲಿ ಜಗದೇವಿ, ಕೆಲಸಕ್ಕೆ ಬಂದು ನಾಲ್ಕು ದಿನ,
ಮೌಸು ಹಿಡಿದು ಮೇಜಿನ ಅಂಚಿನವರೆಗೂ ಹುಡುಕುತ್ತಿದ್ದಾಳೆ.

ಹಳೆಯ ಸಣ್ಣ ಮಾನಿಟರು. ಅದರಲ್ಲಿ ಅಕ್ಷರಗಳು
ನೂರೈವತ್ತು ಪರ್ಸೆಂಟು ಊದಿ
ಶಾಮಿಯಾನದ ಮುಂದಿನ ಬೋರ್ಡಿನಷ್ಟು ದಪ್ಪ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಅವ್ವ ಅಂದದ್ದು
ರೊಕ್ಕದ ಮಾತು ಅಂದುಕೊಂಡಿದ್ದೆ.
ನನ್ನ ಕಿಟಕಿಯ ತಲೆ ಇತ್ತು, ಹೊಟ್ಟೆ ಇತ್ತು,
'ಉಳಿಸು' ಅನ್ನುವ ಗುಂಡಿ
ಟಾಸ್ಕ್‌ಬಾರಿಗೂ ಕೆಳಗೆ, ಎಲ್ಲೋ ಮೇಜಿನ ಮರದೊಳಗೆ.

"ಮತ್ತ ಎರಡು ಸುಗ್ಗಿ ಹ್ಯಾಂಗ ಉಳಿಸಿದ್ರಿ, ಚಾಚಾ?"

"ನಂದೇನು ಅಡಚಣಿ ಇಲ್ಲ ಬೇಟಾ. ಈ ಹುಡುಗೀದು."
ಎಂದು ಮಾಡಿ ತೋರಿಸಿದರು:
ಲಾರಿ ನಂಬರು, ಚೀಲ, ತೂಕ, ತೇವ, ಕಸ.
ಆಮೇಲೆ ಟ್ಯಾಬಿನ ಮೇಲೆ ಎಡಗೈ ಬೆರಳು,
ತಸ್ಬಿಯ ಮಣಿ ಸರಿಸುವ ಅದೇ ನಿಧಾನ,
ತುಟಿ ಅಲುಗದೆ ಎಣಿಕೆ,
ಹನ್ನೊಂದಕ್ಕೆ ನಿಂತು, ಎಂಟರ್.
"ಆತು."

ಆ ರಾತ್ರಿ ಅಳತೆ ಅಳಿಸಿದೆ.
ತೆರೆಯುವ ಮೊದಲು ಕೇಳು, ಎಂದು ಬರೆದೆ:
ನೀನೆಷ್ಟು ಅಗಲ, ನೀನೆಷ್ಟು ಎತ್ತರ,
ತಳದ ಪಟ್ಟಿ ಎಷ್ಟು ತಿಂದಿದೆ,
ಮುಂದೆ ಕೂತವರು ಅಕ್ಷರ ಎಷ್ಟು ಹಿಗ್ಗಿಸಿಕೊಂಡಿದ್ದಾರೆ.
ಅಷ್ಟೇ ತೆರೆದುಕೋ. ಮಿಕ್ಕದ್ದು ಉರುಳಿಸಿದರೆ ಬರಲಿ.
ಗುಂಡಿಗಳನ್ನು ಮೇಲೆ ತಂದು ಸಾಲು ಚೊಕ್ಕ ಮಾಡಿದೆ,
ಬೇಡದ ಎರಡು ಮನೆ ಕಿತ್ತೆ.
ಮರುದಿನ ಹಾಕಿಕೊಟ್ಟಾಗ
ಜಗದೇವಿ "ಅಯ್ಯ, ಇಲ್ಲೇ ಅದಲ್ಲ!" ಅಂದಳು.
ಚಹಾ ಕುಡಿದು ಬಂದೆ.

ಸಂಜೆ ಫೋನು.
"ಬೇಟಾ, ಇವತ್ತಿನ ನಲವತ್ಮೂರು ಗಾಡಿ ಎಲ್ಲಿ ಹೋದವು?"

ಹೊಸ ಸಾಲಿನಲ್ಲಿ ಒಂಬತ್ತನೆಯದು 'ಉಳಿಸು',
ಹತ್ತು 'ಮುದ್ರಿಸು',
ಹನ್ನೊಂದು 'ರದ್ದು'.
ಉಳಿಸಿದರೂ ಖಾಲಿ ಹಾಳೆ ಬರುತ್ತದೆ,
ಅಳಿಸಿದರೂ ಖಾಲಿ ಹಾಳೆ.
ಅದೂ ನನ್ನದೇ ಕೈಕೆಲಸ.
ಗುಂಡಿ ಕಣ್ಣೆದುರೇ ಇತ್ತು, ಅಂಗೈಯಗಲ, ಹಸಿರು.
ಅವರು ನೋಡಿರಲಿಲ್ಲ.
ನೋಡುವ ಕೆಲಸ ಅವರಿಗೆ ಎಂದೋ ಮುಗಿದಿತ್ತು.

ತೂಕದ ಚೀಟಿಗಳನ್ನು ಮೊಳೆಯಿಂದ ಬಿಚ್ಚಿ
ಇಶಾ ನಮಾಜಿನ ಹೊತ್ತು ದಾಟುವವರೆಗೆ ಮೂವರೂ ಕೂತೆವು.
ಎಣ್ಣೆ ತಾಗಿ ಅಳಿಸಿದ ನಂಬರುಗಳನ್ನು
ಮುನೀಮರು ನೆನಪಿನಿಂದಲೇ ಹೇಳಿದರು.
ಒಂದು ಸಲವೂ ಬೈಯಲಿಲ್ಲ.
"ಖಿಡಕಿ ಛಲೋ ಆಗ್ಯದ ಬೇಟಾ," ಅಂದರು,
"ಗಾಳಿ ಬರತದ."
ನಗೆಯೋ ಏನೋ, ಗೊತ್ತಾಗಲಿಲ್ಲ.

ಈಗ ಅದೇ ತಂತ್ರಾಂಶ ಯಾದಗಿರಿಯಲ್ಲೂ ಓಡುತ್ತದೆ,
ಶಹಾಪುರದ ಹತ್ತಿ ಜಿನ್ನಿನಲ್ಲೂ,
ಯಾವ ಪರದೆ ಕೊಟ್ಟರೂ ಅದರಷ್ಟೇ ಮೈ ಹಿಡಿದುಕೊಂಡು.
ಮೊನ್ನೆ ಅಲ್ಲಿಯ ಹುಡುಗನೊಬ್ಬ ಕೇಳಿದ:
"ಮ್ಯಾಡಂ, ಕಸದ ಮನಿ ಆದ ಮ್ಯಾಲ
ಟ್ಯಾಬ್ ಎರಡು ಸಲ ಒತ್ತಿದ್ರೂ ಏನೂ ಆಗಂಗಿಲ್ಲ.
ಅಲ್ಲಿ ಏನರ ಇತ್ತೇನ್ರಿ?"

ಇರಲಿ ಬಿಡಪ್ಪ, ಅಂದೆ.