ಯು ಬೆಂಡಿನಲ್ಲಿ ನಿಂತ ನೀರು

ಬಡವರ ಊಟಿ ಅಂತಾರೆ ನಮ್ಮ ಹಾಸನವನ್ನ.
ಇಲ್ಲಿ ಚಳಿ ಅಂದರೆ ಹನ್ನೊಂದು ಡಿಗ್ರಿ, ಒಂದು ಮಂಕಿ ಟೋಪಿ,
ಬಿ.ಎಂ. ರಸ್ತೆಯ ಟೀ ಗಾಡಿ ಮುಂದೆ ಅಂಗೈ ಉಜ್ಜೋದು.
ಇಪ್ಪತ್ತಾರು ವರ್ಷ ಪೈಪು ಜೋಡಿಸಿದ್ದೇನೆ ಈ ಊರಲ್ಲಿ.
ಸೋರುವ ನೀರು ಗೊತ್ತು, ಬಾರದ ನೀರು ಗೊತ್ತು,
ಪೈಪಿನೊಳಗೇ ಕಲ್ಲಾಗುವ ನೀರು
ಕಂಡವನಲ್ಲ.

ಲಿಲ್ಲಿ ಕುಟಿನ್ಹೊ ಬಂದದ್ದು ಗಣೇಶನನ್ನು ಬಿಟ್ಟ ಮಾರನೇ ವಾರ,
ಜೀಪಿನ ಬಾಲಕ್ಕೊಂದು ಪುಟ್ಟ ಮನೆ ಕಟ್ಟಿಕೊಂಡು:
ಒಂದು ಮಂಚ, ಒಂದು ಸಿಂಕು, ನಲವತ್ತು ಲೀಟರಿನ ಟ್ಯಾಂಕು.
ಮಿಲಿಟರಿ ಆಸ್ಪತ್ರೆಯ ನರ್ಸಮ್ಮ, ನಿವೃತ್ತಿಯಾಗಿ ಎರಡೇ ತಿಂಗಳು.
'ನವೆಂಬರಲ್ಲಿ ಸ್ಪಿತಿಗೆ ಹೋಗ್ತೀನಿ, ಜವರಣ್ಣ.
ನೀರಿನ ಕೆಲಸ ನಿಮ್ಮದು.
ನೀರು ಹೆಪ್ಪುಗಟ್ಟಿದರೆ ಮೈ ಊದುತ್ತೆ, ನೆನಪಿರಲಿ.'

ಊದೋದಾ?
ಚಳಿಗೆ ನಾಯಿ ಮುದುಡುತ್ತೆ, ನಾನು ಮುದುಡ್ತೀನಿ.
ನಾನು ಕಂಡ ಹೆಪ್ಪು ಒಂದೇ,
ಧನುರ್ಮಾಸದ ಬೆಳಗಿನ ಕೊಬ್ಬರಿ ಎಣ್ಣೆ:
ಸೀಸೆಯಲ್ಲಿ ನಡುವೆ ಗುಳಿ ಬಿದ್ದು
ಕುಗ್ಗಿ ಕೂತಿರುತ್ತೆ ಪಾಪ.

ನಂಬದೆ, ಅರ್ಧ ಅಡಿ ಪೈಪಿಗೆ ನೀರು ತುಂಬಿ
ಎರಡೂ ಬಾಯಿಗೆ ಮುಚ್ಚಳ ಅಂಟಿಸಿ
ಪೆನ್ಷನ್ ಮೊಹಲ್ಲಾದ ಮೊಹಿದ್ದೀನ್ ಸಾಬರ
ಐಸ್ ಕ್ಯಾಂಡಿ ಫ್ಯಾಕ್ಟರಿಗೆ ಒಯ್ದೆ.
ಕಿತ್ತಳೆ ಕ್ಯಾಂಡಿ, ಹಾಲು ಕ್ಯಾಂಡಿ, ನಡುವೆ ನನ್ನ ಪೈಪು.
ಬೆಳಿಗ್ಗೆ ಎತ್ತಿದರೆ
ಉದ್ದಕ್ಕೂ ಸೀಳು.
ಒಳಗೆ ಬೆಳ್ಳಗೆ ಕೂತಿದೆ ನೀರು
ತನ್ನ ಮನೆ ತಾನೇ ಒಡೆದುಕೊಂಡು.

ಕ್ಯಾಂಡಿ ಗಟ್ಟಿ, ಪೈಪು ಗಟ್ಟಿ,
ಅವು ಮುಳುಗಿದ್ದ ತೊಟ್ಟಿಯ ನೀರು ಮಾತ್ರ ತುಳುಕಾಡುತ್ತಿದೆ!
ಸಾಬರು ಬೆರಳದ್ದಿ ತೋರಿಸಿದರು: 'ನೆಕ್ಕಿ ನೋಡು.'
ನೆಕ್ಕಿದೆ. ಥೂ.
'ಉಪ್ಪು ತಿಂದವನು ನೀರು ಕುಡೀಬೇಕು, ಸರಿ.
ನೀರೇ ಉಪ್ಪು ತಿಂದರೆ
ಅದಕ್ಕೆ ನಿದ್ದೆ ಹತ್ತಲ್ಲ ಕಣಯ್ಯಾ' ಅಂದರು.
ನಕ್ಕು, ಪೈಪು ಬಗಲಲ್ಲಿಟ್ಟುಕೊಂಡು ಬಂದೆ. ಅಷ್ಟೇ.

ಆಮೇಲೆ ಹದಿನೈದು ದಿನದ ಕೆಲಸ.
ಪೈಪಿಗೆಲ್ಲ ಇಳಿಜಾರು ಕೊಟ್ಟೆ, ತೀರಾ ತಗ್ಗಿನಲ್ಲೊಂದು ವಾಲ್ವು.
ಟ್ಯಾಂಕನ್ನು ಮಂಚದ ಕೆಳಗೆ ತಂದು ಕಂಬಳಿ ಹೊದಿಸಿದೆ.
ಪಂಚರ್ ಅಂಗಡಿಯ ಗಾಳಿ ಮೆಷಿನ್ನು ಹಚ್ಚಿ ಊದಿದರೆ
ನಲ್ಲಿ ಕೆಮ್ಮಿತು, ಉಗುಳಿತು,
ಕೊನೆಗೆ ಬರೀ ಉಸಿರು.
ನರ್ಸಮ್ಮ ಕಿವಿಯಿಟ್ಟು ಕೇಳಿದರು, ಎದೆ ಪರೀಕ್ಷೆ ಮಾಡುವ ಹಾಗೆ.
'ಖಾಲಿ' ಅಂದರು. ಒಂದು ಸಣ್ಣ ಗಾಳಿ ಪಂಪು ಕೊಂಡರು.
'ರಾತ್ರಿ ನಲ್ಲಿ ತೆರೆದೇ ಇಡಿ' ಅಂತ ನಾನು.
ದುಡ್ಡು ಎಣಿಸಿ ಕೊಟ್ಟು ಹೊರಟರು.

ಅವರು ಹೋದ ಹನ್ನೆರಡನೇ ರಾತ್ರಿ
ಉಂಡು ಕೈ ತೊಳೆಯುತ್ತಿದ್ದೆ.
ನಮ್ಮ ಸಿಂಕು 'ಗುಳಕ್' ಅಂತು.
ಕೈ ಅಲ್ಲೇ ನಿಂತಿತು.
ಯು ಬೆಂಡು!
ಎಷ್ಟು ಊದಿದರೂ ಆ ಬಗ್ಗಿನಲ್ಲಿ ಒಂದು ಲೋಟ ನೀರು
ಮತ್ತೆ ಇಳಿದು ಬಂದು ನಿಲ್ಲುತ್ತೆ. ನಿಲ್ಲಬೇಕು,
ನಾರುವ ಗಾಳಿಗೆ ಅದೇ ಬಾಗಿಲು.
ನಾನೇ ಬಗ್ಗಿಸಿ ಕೂರಿಸಿದ್ದು, ನಾನೇ ಮರೆತದ್ದು.

ಫೋನು ಸಿಗಲಿಲ್ಲ.
ಎರಡು ದಿನ ಸಿಗಲಿಲ್ಲ.
ಮೂರನೇ ಸಂಜೆ, ಗಾಳಿಯ ಹಿಂದೆ ಎಲ್ಲೋ ಅವರ ದನಿ.
'ಸಿಂಕಿನ ಕೆಳಗೆ ಉಪ್ಪು ಹಾಕಿ, ನರ್ಸಮ್ಮ!
ಲೋಟ ನೀರಿಗೆ ಎರಡು ಹಿಡಿ! ಉಪ್ಪು! ಉ...ಪ್ಪು!'
ಲೈನು ಕಡಿದುಹೋಯಿತು.
ಅಡುಗೆಮನೆಯಿಂದ ಸಾಕಮ್ಮ ಉಪ್ಪಿನ ಡಬ್ಬಿ ಹಿಡಿದು ಬಂದಳು:
'ಸಾರು ಇನ್ನೂ ಬಡಿಸೇ ಇಲ್ಲ, ಆಗಲೇ ಕೂಗ್ತೀರಲ್ಲ?'

ವಾರದ ಮೇಲೆ ಒಂದು ಸಾಲು ಬಂತು:
'ಮೈನಸ್ ಹದಿನಾಲ್ಕು. ಸಿಂಕು ಗುಳಕ್ ಅನ್ನುತ್ತಿದೆ.'
ಸಾಬರಿಗೆ ಓದಿ ಹೇಳಿದೆ. ಅವರಿಗೆ ಅದೇನೂ ದೊಡ್ಡದಲ್ಲ.

ಆ ಅರ್ಧ ಅಡಿ ಪೈಪು ನಮ್ಮ ಕಿಟಕಿಯಲ್ಲಿದೆ,
ಎಣ್ಣೆ ಸೀಸೆಯ ಪಕ್ಕ.
ಹತ್ತು ಗಂಟೆಗೆ ಬಿಸಿಲು ಬರುತ್ತೆ, ಎಣ್ಣೆ ಕರಗುತ್ತೆ.
ಸೀಳು ಹಾಗೇ ಇರುತ್ತೆ.