ಹಿಡಿಕೆಯ ಒಳಗೆ

ನಗರ್ತಪೇಟೆಯಲ್ಲಿ ನಾನು ಪಾತ್ರೆಗಳ ಮೇಲೆ ಹೆಸರು ಕೊರೆಯುವವಳು.
ಅಕ್ಷರಕ್ಕೆ ಮೂರು ರೂಪಾಯಿ, ಇನಿಷಿಯಲ್ಲಿಗೂ ಅಷ್ಟೇ,
ಒತ್ತಕ್ಷರ ಬಿಟ್ಟಿ.
ಇದ್ದ ಹೆಸರನ್ನು ಉಜ್ಜಿ ತೆಗೆಯಲು ಮಾತ್ರ ಎರಡರಷ್ಟು.

ಮಂಗಳವಾರ, ಗಿರಾಕಿಯಿಲ್ಲದ ಮಧ್ಯಾಹ್ನ,
ಕುಕ್ಸ್‌ಟೌನಿನ ಹಲ್ಲಿನ ಡಾಕ್ಟರು ಲಾಜರಸ್
ಹೂವಿನ ಬೆಡ್‌ಶೀಟಿನಲ್ಲಿ ಏನೋ ಸುತ್ತಿ ತಂದರು.
ಆಟೋದವನು ಕ್ರಿಕೆಟ್ ಬ್ಯಾಟೆಂದುಕೊಂಡನಂತೆ.
ಬಿಚ್ಚಿದರೆ ಕತ್ತಿ.
ಜಪಾನಿನದು. ತೂಗುವ ತೆನೆಯ ಹಾಗೆ ತುಸುವೇ ಬಾಗಿದ್ದು.
"ಹೆದರಬೇಡಮ್ಮ, ಷೋಕಿಯದು.
ಇದು ಸೌತೆಕಾಯನ್ನೂ ಕೊಯ್ಯುವುದಿಲ್ಲ."

ಅಲಗಿಗೂ ಹಿಡಿಕೆಗೂ ನಡುವೆ ಕಬ್ಬಿಣದ ಬಿಲ್ಲೆ,
ಅದರ ಮೇಲೊಂದು ಪ್ರಾಣಿ: ಆಮೆಯ ಬೆನ್ನು, ಮಂಗನ ಮುಖ,
ನಡುನೆತ್ತಿಯಲ್ಲಿ ನೀರು ತುಂಬಿದ ಕುಳಿ.
ಕಪ್ಪ ಅಂತ ಹೆಸರಂತೆ.
ರಾಜರು ಕೇಳುತ್ತಿದ್ದ ಕಪ್ಪವಲ್ಲ, ಕಪ್ಪೆಯೂ ಅಲ್ಲ,
ಕೆರೆಯ ಪಿಶಾಚಿ. ಆದರೆ ಬಲು ಮರ್ಯಾದಸ್ಥ:
ನೀವು ಬಗ್ಗಿ ನಮಸ್ಕರಿಸಿದರೆ ತಾನೂ ಬಗ್ಗುತ್ತದೆ,
ನೆತ್ತಿಯ ನೀರು ಚೆಲ್ಲಿ, ಅಲ್ಲೇ ಕೈಕಾಲು ಸೋಲುತ್ತದೆ.

ನಮ್ಮ ಸಂಪಂಗಿ ಕೆರೆಯಲ್ಲೂ ಒಂದಿದ್ದಿರಬೇಕು ಅಂದೆ.
ಸ್ಟೇಡಿಯಂ ಕಟ್ಟಲು ಬಂದವರಿಗೆಲ್ಲ
ಬಗ್ಗಿ ಬಗ್ಗಿ ನಮಸ್ಕರಿಸಿಯೇ ಸತ್ತಿತು.
ಡಾಕ್ಟರು ನಕ್ಕರು, ಕಟ್ಟಿಸಿಕೊಂಡ ಹಲ್ಲು ತೋರಿಸದ ಹಾಗೆ.

ಹಿಡಿಕೆಗೆ ಕಪ್ಪು ದಾರದ ಹೆಣಿಗೆ. ಅದರಡಿ ಎರಡು ಬದಿಗೆ ಎರಡು ಬೊಂಬೆ.
ಒಂದು ಕಡೆ ನರಿ, ಮದುವಣಗಿತ್ತಿಯ ವೇಷದಲ್ಲಿ.
ಇನ್ನೊಂದು ಕಡೆಯದು ಬಿದ್ದುಹೋಗಿದೆ.
"ಅದೊಂದು ಮಾಡಿಕೊಡು. ನಿಮ್ಮಪ್ಪ ವೀರಬ್ರಹ್ಮಾಚಾರರು ಇದ್ದಿದ್ದರೆ..."
ನಾನು ಇದ್ದೇನಲ್ಲ, ಹೇಳಿ ಅಂದೆ.

ಕಾಡಿನ ಪ್ರಾಣಿಯೊಂದು ಚಹಾದ ಕೆಟಲಾದ ಕತೆ.
ಒಲೆಯ ಮೇಲಿಟ್ಟರು; ಬಿಸಿ ತಾಳದೆ
ಬಾಲ ಬಂತು, ಮೂತಿ ಬಂತು, ನಾಲ್ಕು ಕಾಲು ಬಂದವು.
ಅರ್ಧ ಪಾತ್ರೆ, ಅರ್ಧ ಜೀವ.
ಇದು ನನಗೆ ಹೊಸದಲ್ಲ.
ಮದುವೆಗೆ ಕೊಟ್ಟ ಕೊಡಪಾನ ಮಾರ್ವಾಡಿಯ ಕಪಾಟಿನಿಂದ
ಬೇರೆಯವರ ಹೆಸರು ಹೊತ್ತು ನಡೆದುಬಂದದ್ದನ್ನು ಕಂಡಿದ್ದೇನೆ.

ಮೊಬೈಲಿನಲ್ಲಿ ಚಿತ್ರ ತೋರಿಸಿದರು. ನಾಯಿಯಲ್ಲ, ಬೆಕ್ಕಲ್ಲ.
ನಾನು ನೋಡಿದ್ದು ಪುನುಗಿನ ಬೆಕ್ಕನ್ನು ಮಾತ್ರ,
ರಾತ್ರಿ ನಮ್ಮ ಹೆಂಚಿನ ಮೇಲೆ ನಡೆದು
ಹಿಂದಿನ ಗೋದಾಮಿಗೆ ಇಳಿಯುವುದು.
ಅರಗು ಕಾಯಿಸಿ, ಹಿತ್ತಾಳೆ ತಗಡು ಕೂರಿಸಿ,
ಅಪ್ಪನ ಸಣ್ಣ ಚಾಣದಿಂದ ಅದನ್ನೇ ಎಬ್ಬಿಸಿದೆ.
ಕಡಲೆಬೀಜದ ಗಾತ್ರದ ಕೆಟಲು, ಬಾಲಕ್ಕೆ ನಮ್ಮ ಮನೆಯ ಪಟ್ಟೆ.

ಶುಕ್ರವಾರ ಬಂದು ಹಿಡಿಕೆ ಕಳಚಿದರು.
ಒಳಗಿನ ಕಬ್ಬಿಣದ ಮೇಲೆ ಮಾಡಿದವನ ಸಹಿ ಇರುತ್ತದಂತೆ
ನಿಜವಾದ ಕತ್ತಿಗಳಲ್ಲಿ.
ಇದರಲ್ಲಿ ಏನೂ ಇರಲಿಲ್ಲ. ತೊಳೆದಿಟ್ಟ ತಟ್ಟೆಯ ಹಾಗೆ.

ಡಾಕ್ಟರು ಕಾಫಿ ತರಲು ಹೋದಾಗ
ಮೆಷಿನ್ನು ಹಾಕಿ ಕೆಟಲಿನ ಬೆನ್ನು ತಿರುಗಿಸಿದೆ.
ನನ್ನ ಹೆಸರು ಕೊರೆಯೋಣವೆಂದು.
ಕೈಗೆ ರೂಢಿ ಬೇರೆಯೇ ಇತ್ತು,
"ನೆನಪಿನ ಕಾಣಿಕೆ" ಎಂದು ಹೊರಟೇಬಿಟ್ಟಿತು.
"ನೆನ" ಎಂಬಲ್ಲಿ ತಡೆದೆ.
ಅಳಿಸಿದರೆ ತಗಡು ತೂತಾದೀತು.
ಒಂದು ಎತ್ವ ಎಳೆದೆ: ನೆನೆ.
ಮರೆಯಬೇಡ ಅಂತಲೋ, ಒದ್ದೆಯಾಗು ಅಂತಲೋ,
ಆ ಒಣಗಿದ ನೆತ್ತಿಯವನು ಓದಿಕೊಳ್ಳಲಿ.

ದಾರ ಬಿಗಿದರು. ಮೂತಿ, ತುಸು ಬಾಲ, ಅಷ್ಟೇ ಹೊರಗೆ.
"ಪೂರ್ತಿ ಕಾಣಬಾರದಮ್ಮ. ಹಿಡಿದಾಗ ಅಂಗೈಗೆ ತಿಳಿಯಬೇಕು."
ಹಿಡಿದು ನೋಡಿದೆ. ತಿಳಿಯಿತು.
ಕೂಲಿ ಎಂಟುನೂರು. ಅಕ್ಷರದ ಆರು ರೂಪಾಯಿ ಕೇಳಲಿಲ್ಲ.